ಮೀಸಲು ಸ್ಥಾನ ಬೇಡವೆಂದ ಹಂಸಾಬೆನ್

ಮದುವೆಯಾಗಿ ಧಾರವಾಡದಿಂದ ವಡೋದರಾಕ್ಕೆ ಬಂದ ಹೊಸತರಲ್ಲಿ, ಹಂಸಾ ಮೆಹತಾ ಎಂದರೆ ನನಗೆ ಇಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದ ಗ್ರಂಥಾಲಯದ ಹೆಸರು, ಅಷ್ಟೇ. ಆ ಹೆಸರಿನ ಹಿಂದಿನ ಹೆಣ್ಣುಮಗಳ ಬದುಕು ತಿಳಿದದ್ದು ಬಹಳ ತಡವಾಗಿ.

ಹಂಸಾಬೆನ್ ಹುಟ್ಟಿದ್ದು 1897ರ ಜುಲೈ 3ರಂದು, ಸೂರತ್‌ನಲ್ಲಿ. ಗುಜರಾತಿಯ ಮೊದಲ ಕಾದಂಬರಿ ಬರೆದ ನಂದಶಂಕರ ಮೆಹತಾ ಅವರ ಅಜ್ಜ. ತಂದೆ ಮನುಭಾಯಿ ಬರೋಡಾ ಸಂಸ್ಥಾನದ ದಿವಾನರು. ಬರೋಡಾದಲ್ಲೇ ಪದವಿ ಮುಗಿಸಿ ಇಂಗ್ಲೆಂಡಿಗೆ ಹೋದಾಗ ಸರೋಜಿನಿ ನಾಯ್ಡು ಅವರ ಒಡನಾಟ ಸಿಕ್ಕಿತು. 1924ರಲ್ಲಿ ಜಾತಿಯ ಕಟ್ಟು ಮೀರಿ ಡಾ. ಜೀವರಾಜ ಮೆಹತಾ ಅವರನ್ನು ಮದುವೆಯಾದರು. ಮುಂದೆ 1960ರಲ್ಲಿ ಗುಜರಾತಿನ ಮೊದಲ ಮುಖ್ಯಮಂತ್ರಿಯಾದವರು ಇವರೇ.

ಆ ಕಾಲದಲ್ಲಿ ಮತದ ಹಕ್ಕು ಎಲ್ಲರಿಗೂ ಇರಲಿಲ್ಲ. ಅಮೆರಿಕದಲ್ಲೇ ಹೆಂಗಸರ ಮತದ ಹಕ್ಕು ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ. ಮರುವರ್ಷ ಮುಂಬಯಿ ಪ್ರಾಂತದ ಹೆಂಗಸರಿಗೂ ಮತ ಬಂತು, ಆದರೆ ಆಸ್ತಿಪಾಸ್ತಿ ಇದ್ದವರಿಗೆ ಮಾತ್ರ. ಚುನಾವಣೆಗೆ ನಿಲ್ಲಲು 1926ರವರೆಗೆ ಕಾಯಬೇಕಾಯಿತು. ಆ ವರ್ಷ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲೇ ಸೋತರು. 1935ರ ಕಾಯಿದೆ ಇನ್ನಷ್ಟು ಹೆಂಗಸರಿಗೆ ಮತ ಕೊಟ್ಟಿತು ನಿಜ, ಆದರೆ ಅವರಲ್ಲಿ ಅನೇಕರಿಗೆ ಅದು ಸಿಕ್ಕಿದ್ದು ಗಂಡನ ಆಸ್ತಿಯ ಲೆಕ್ಕದಲ್ಲಿ! ಕೆಲವು ಸ್ಥಾನಗಳನ್ನು ಮಹಿಳೆಯರಿಗೆಂದೇ ಮೀಸಲಿಟ್ಟರು.

1937ರ ಚುನಾವಣೆಯಲ್ಲಿ ಹಂಸಾಬೆನ್ ಆ ಮೀಸಲು ಸ್ಥಾನವನ್ನು ಒಪ್ಪಲಿಲ್ಲ. ಸಾಮಾನ್ಯ ಸ್ಥಾನಕ್ಕೇ ನಿಂತು ಮುಂಬಯಿ ವಿಧಾನ ಪರಿಷತ್ತಿಗೆ ಗೆದ್ದುಬಂದರು. ಸಂವಿಧಾನ ಸಭೆಯಲ್ಲೂ ಅವರ ನಿಲುವು ಅದೇ: ಹೆಣ್ಣಿಗೆ ಬೇಕಾದದ್ದು ರಿಯಾಯಿತಿಯಲ್ಲ, ಸಮಾನತೆ. 1947ರ ಆಗಸ್ಟ್ 14ರ ನಡುರಾತ್ರಿ ದೇಶದ ಮಹಿಳೆಯರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಅರ್ಪಿಸಿದವರೂ ಅವರೇ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷರು ಎಂದಿದ್ದ ಜಾಗದಲ್ಲಿ ಮಾನವರು ಎಂದಾದದ್ದು ಅವರ ಒತ್ತಾಯದಿಂದ. 1949ರಲ್ಲಿ ಎಂ.ಎಸ್. ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1995ರಲ್ಲಿ ತೀರಿಕೊಂಡರು.

ಮೀಸಲಾತಿಯ ವಿಷಯದಲ್ಲಿ ಮಾತ್ರ ನನಗೆ ಹಂಸಾಬೆನ್ ಜೊತೆ ಸಣ್ಣ ಜಗಳವಿದೆ. ದಿವಾನರ ಮಗಳು ಸಾಮಾನ್ಯ ಸ್ಥಾನದಲ್ಲಿ ಗೆಲ್ಲಬಹುದು, ಹಳ್ಳಿಯ ಕೂಲಿ ಹೆಂಗಸು ಗೆಲ್ಲುವುದು ಹೇಗೆ? 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದರೇ ಹೊರತು ಅವರು ತಮ್ಮ ಹೆಸರು ಹೇಳಲಿಲ್ಲ. ಹಕ್ಕು ಬಂದರೂ ಅದನ್ನು ಬಳಸುವ ಧೈರ್ಯ ಬರಲು ಇನ್ನೂ ಕಾಲ ಬೇಕಿತ್ತು. 2023ರಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆಂದು ಸಂಸತ್ತು ಒಪ್ಪಿದಾಗ ನಾನಂತೂ ಸಂತೋಷಪಟ್ಟೆ.

ಆದರೆ ಜಗಳ ಆಡುವ ಯೋಗ್ಯತೆ ನನಗೆಲ್ಲಿತ್ತು? ಮದುವೆಯಾಗಿ ಹನ್ನೊಂದು ವರ್ಷ ನನ್ನ ಹೆಸರು ಧಾರವಾಡದ ಪಟ್ಟಿಯಲ್ಲೇ ಉಳಿದಿತ್ತು. ಅಲ್ಲಿಗೆ ಹೋಗಿ ಮತ ಹಾಕಲಿಲ್ಲ, ಇಲ್ಲಿ ಹಾಕುವಂತಿರಲಿಲ್ಲ. ಯಾರೂ ತಡೆದಿರಲಿಲ್ಲ, ನನ್ನದೇ ಉದಾಸೀನ. ಹಂಸಾಬೆನ್ ಕಥೆ ಓದಿದ ವಾರವೇ ವಿಳಾಸ ಬದಲಾವಣೆಯ ಫಾರಂ 8 ತುಂಬಿದೆ.

ಅಹಮದಾಬಾದ್, ಸೂರತ್, ವಡೋದರಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಅಕ್ಕತಂಗಿಯರೇ, ನಿಮ್ಮ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ? ಇಂದೇ ಒಮ್ಮೆ ನೋಡಿಬಿಡಿ.