ಬೆಳಕಿನ ಕಣಗಳನ್ನು ಎಣಿಸಿದ ಗುರು: ಸತ್ಯೇಂದ್ರನಾಥ ಬೋಸ್



ಭೌತಶಾಸ್ತ್ರ ಎಂದರೆ ದೊಡ್ಡ ಶಹರದವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂಬ ಅಳುಕು ಹಿರೇಬೆಂಡಿಗೇರಿಯಂತಹ ಊರಿನ ಮಕ್ಕಳಲ್ಲಿ ಇರುವುದು ಸಹಜ. ಅಂಥವರು ಸತ್ಯೇಂದ್ರನಾಥ ಬೋಸರ ಜೀವನವನ್ನು ಅವಶ್ಯವಾಗಿ ತಿಳಿಯಬೇಕು.

ಬೋಸರು 1894ರ ಜನವರಿ 1ರಂದು ಕಲಕತ್ತಾದಲ್ಲಿ ಜನಿಸಿದರು. ತಂದೆ ರೈಲ್ವೆ ನೌಕರರು. 1915ರಲ್ಲಿ ಎಂ.ಎಸ್ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದ ಅವರು, 1921ರಲ್ಲಿ ಆಗ ತಾನೇ ಆರಂಭವಾಗಿದ್ದ ಢಾಕಾ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು.

ಕಾದ ವಸ್ತು ಸೂಸುವ ಬೆಳಕಿನ ಬಗ್ಗೆ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಒಂದು ಸೂತ್ರ ನೀಡಿದ್ದರು. ಅದನ್ನು ಪಾಠ ಮಾಡುವಾಗ ಬೋಸರಿಗೆ ಸಮಾಧಾನವಾಗಲಿಲ್ಲ. ಸೂತ್ರ ಸರಿಯಿತ್ತು, ಅದನ್ನು ಸಾಧಿಸುವ ದಾರಿ ಸರಿಯಿರಲಿಲ್ಲ. ಬೋಸರು ಬೆಳಕಿನ ಕಣಗಳನ್ನು ಎಣಿಸುವ ರೀತಿಯನ್ನೇ ಬದಲಿಸಿದರು.

ನೀವೇ ಲೆಕ್ಕ ಹಾಕಿ ನೋಡಿ. ಒಂದು ಬಿಳಿಜೋಳದ ಕಾಳು, ಒಂದು ಕಡಲೆಕಾಳನ್ನು ಎರಡು ಬಟ್ಟಲುಗಳಲ್ಲಿ ನಾಲ್ಕು ಬಗೆಯಲ್ಲಿ ಹಾಕಬಹುದು. ಅವುಗಳಲ್ಲಿ ಎರಡು ಬಗೆಗಳಲ್ಲಿ ಕಾಳುಗಳು ಒಂದೇ ಬಟ್ಟಲಲ್ಲಿರುತ್ತವೆ. ಆದರೆ ಬೆಳಕಿನ ಎರಡು ಕಣಗಳಲ್ಲಿ ಇದು, ಅದು ಎಂದು ಗುರುತಿಸುವುದೇ ಸಾಧ್ಯವಿಲ್ಲ. ಆಗ ಉಳಿಯುವುದು ಮೂರೇ ಬಗೆ. ಅದರಲ್ಲಿ ಎರಡರಲ್ಲಿ ಕಣಗಳು ಒಟ್ಟಿಗಿರುತ್ತವೆ. ಅಂದರೆ ಕೂಡಿರುವ ಸಂಭವ ಅರ್ಧದಿಂದ ಮೂರರಲ್ಲಿ ಎರಡು ಪಾಲಿಗೆ ಏರಿತು!

ಇಂಗ್ಲೆಂಡಿನ ಪತ್ರಿಕೆಗೆ ಕಳಿಸಿದ ಈ ಲೇಖನ ಪ್ರಕಟವಾಗಲಿಲ್ಲ. ಬೋಸರು ಎದೆಗುಂದದೆ 1924ರ ಜೂನ್‌ನಲ್ಲಿ ಅದನ್ನು ನೇರವಾಗಿ ಐನ್‌ಸ್ಟೈನರಿಗೆ ಕಳಿಸಿದರು. ಅವರು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಡಾಕ್ಟರೇಟ್ ಪದವಿಯಿಲ್ಲದ ಬೋಸರು ಮುಂದೆ ಢಾಕಾದಲ್ಲಿ ಪ್ರಾಧ್ಯಾಪಕರಾದರು. ಈ ಲೆಕ್ಕವನ್ನು ಅನುಸರಿಸುವ ಕಣಗಳಿಗೆ ಅವರ ಹೆಸರಿನಿಂದಲೇ ಬೋಸಾನ್ ಎನ್ನುತ್ತಾರೆ.

ಪರಮಾಣುಗಳನ್ನು ತೀರಾ ತಂಪು ಮಾಡಿದರೆ ಅವೂ ಒಂದೇ ಸ್ಥಿತಿಗೆ ಬಂದು ಕೂಡುತ್ತವೆ ಎಂದು ಐನ್‌ಸ್ಟೈನ್ ಲೆಕ್ಕ ಹಾಕಿದರು. ಈದ್ಗಾದಲ್ಲಿ ಸಾವಿರಾರು ಜನ ಒಂದೇ ತಕ್ಬೀರಿಗೆ ಒಟ್ಟಾಗಿ ಬಾಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಆ ಕಣಗಳೆಲ್ಲ ಒಂದೇ ಅಲೆಯಾಗಿ ನಡೆಯುತ್ತವೆ. ಇದಕ್ಕೆ ಕೊಹೆರೆನ್ಸ್ ಎಂದು ಹೆಸರು. 1995ರಲ್ಲಿ ಅಮೆರಿಕದ ವಿಜ್ಞಾನಿಗಳು ರುಬಿಡಿಯಂ ಪರಮಾಣುಗಳಲ್ಲಿ ಇದನ್ನು ಸಾಧಿಸಿದರು. ಅದಕ್ಕೆ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಷ್ಟೇ ಮೇಲಿರುವ ಉಷ್ಣತೆ ಬೇಕಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅರೆವಾಹಕದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟೇಳುತ್ತದೆ. ಅದು ಮತ್ತು ಅದು ಬಿಟ್ಟ ಖಾಲಿ ಜಾಗ ಸೇರಿದ ಜೋಡಿಯೇ ಎಕ್ಸಿಟಾನ್. ಎದುರುಬದುರಿನ ಎರಡು ಸೂಕ್ಷ್ಮ ಕನ್ನಡಿಗಳ ನಡುವೆ ಈ ಜೋಡಿ ಬೆಳಕಿನೊಂದಿಗೆ ಬೆರೆತಾಗ ಪೊಲಾರಿಟಾನ್ ಎಂಬ ಹೊಸ ಬೋಸಾನ್ ಹುಟ್ಟುತ್ತದೆ. ಅದು ಎಲೆಕ್ಟ್ರಾನಿಗಿಂತಲೂ ಸಾವಿರಾರು ಪಟ್ಟು ಹಗುರ. ಹಗುರವಾದಷ್ಟೂ ಅಲೆ ಉದ್ದ, ಕಣಗಳು ಕೂಡುವುದು ಸುಲಭ. 2006ರಲ್ಲಿ ಯುರೋಪಿನ ವಿಜ್ಞಾನಿಗಳು ಪೊಲಾರಿಟಾನುಗಳ ಇಂಥ ಒಕ್ಕೂಟವನ್ನು ಸುಮಾರು 19 ಕೆಲ್ವಿನ್ ಉಷ್ಣತೆಯಲ್ಲೇ ತೋರಿಸಿದರು. ಮುಂದೆ ಕೆಲವು ವಸ್ತುಗಳಲ್ಲಿ ಕೋಣೆಯ ಉಷ್ಣತೆಯಲ್ಲಿಯೂ ಇದು ಕೈಗೂಡಿತು.

ಬೋಸರು ಇದಾವುದನ್ನೂ ನೋಡಲಿಲ್ಲ. 1974ರ ಫೆಬ್ರುವರಿ 4ರಂದು ಅವರು ತೀರಿಕೊಂಡರು. ನೊಬೆಲ್ ಪ್ರಶಸ್ತಿ ಅವರಿಗೆ ಬರಲಿಲ್ಲ. ಆದರೆ ಬಿಟ್ಟುಹೋದ ಆಸ್ತಿ ದೊಡ್ಡದು. ಢಾಕಾದಲ್ಲಿ ಕಾಜಿ ಮೊತಾಹರ್ ಹುಸೇನರನ್ನು ಸಂಖ್ಯಾಶಾಸ್ತ್ರದ ಕಡೆಗೆ ಹುರಿದುಂಬಿಸಿದವರು ಅವರೇ. 1948ರಲ್ಲಿ ಕಲಕತ್ತಾದಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಬಂಗಾಳಿಯಲ್ಲಿಯೇ ವಿಜ್ಞಾನ ಹೇಳುವ ಮಾಸಪತ್ರಿಕೆ ಹೊರಡಿಸಿದರು. ವಿಜ್ಞಾನ ತಾಯ್ನುಡಿಯಲ್ಲಿ ಎಲ್ಲರಿಗೂ ಮುಟ್ಟಬೇಕೆಂಬುದು ಅವರ ಹಟ.

ವಿದ್ಯಾರ್ಥಿಗಳೇ, ಬೋಸರ ಶೋಧ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಪಾಠದಲ್ಲಿನ ಒಂದು ಅಸಮಾಧಾನದಿಂದ. ಸೂತ್ರವನ್ನು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ. ಅದು ಹೇಗೆ ಬಂತೆಂದು ಗುರುಗಳನ್ನು ಕೇಳಿರಿ, ನಿಮ್ಮ ಮಾತಿನಲ್ಲೇ ಕೇಳಿರಿ. ಅಲ್ಲಾಹನು ನಿಮ್ಮೆಲ್ಲರ ಇಲ್ಮನ್ನು ವೃದ್ಧಿಸಲಿ.