ರಾಣಿ ಕೇತೆವಾನ್

ಹಳೆ ಗೋವೆಗೆ ಯಾತ್ರೆ ಹೋದಾಗ ಸಂತ ಆಗಸ್ಟೀನರ ದೇವಾಲಯದ ಮುರಿದ ಗೋಪುರವನ್ನು ನೀವು ಕಂಡಿರಬಹುದು. ಆ ಪಾಳುಗೋಡೆಗಳ ನಡುವೆ ದೂರದ ಜಾರ್ಜಿಯಾದ ರಾಣಿಯೊಬ್ಬರ ಮೂಳೆ ಇತ್ತೆಂದರೆ ನಂಬುತ್ತೀರಾ?

ಅವರೇ ಕೇತೆವಾನ್. ಕಾಕಸಸ್ ಪರ್ವತಗಳ ಬುಡದಲ್ಲಿದ್ದ ಕಾಖೇತಿ ರಾಜ್ಯದ ರಾಜಮಾತೆ, ವಿಧವೆ. ಪರ್ಷಿಯಾದ ಷಾ ಅಬ್ಬಾಸನ ದಂಡು ತಮ್ಮ ಜನರ ಮೇಲೆ ಬೀಳದಿರಲೆಂದು ಒತ್ತೆಯಾಳಾಗಿ ಹೋದರು. ಷಾ ದಂಡೆತ್ತಿ ಬಂದೇ ಬಂದ! ಮಗ ತೈಮುರಾಜ್ ರಾಜ್ಯ ಬಿಟ್ಟು ಓಡಬೇಕಾಯಿತು. ತಾಯಿಗೆ ಶಿರಾಜ್ ನಗರದಲ್ಲಿ ವರ್ಷಾನುಗಟ್ಟಲೆ ಸೆರೆ. ಯೇಸುವನ್ನು ಬಿಟ್ಟರೆ ಬಿಡುಗಡೆ ಎಂದರು. ಒಪ್ಪಲಿಲ್ಲ. 1624ರ ಸೆಪ್ಟೆಂಬರಿನಲ್ಲಿ ಕಾದ ಇಕ್ಕಳಗಳಿಂದ ಹಿಂಸಿಸಿ ಕೊಂದರು.

ಅಲ್ಲಿದ್ದ ಪೋರ್ಚುಗೀಸ್ ಆಗಸ್ಟೀನಿಯನ್ ಗುರುಗಳು ಪಾರ್ಥಿವ ಶರೀರದ ಅವಶೇಷಗಳನ್ನು ಗುಟ್ಟಾಗಿ ಕಾಪಾಡಿದರು. ರಾಣಿ ಆರ್ಥಡಾಕ್ಸ್ ಸಭೆಯವರು, ನಮ್ಮವರಲ್ಲ. ಗುರುಗಳಿಗೆ ಅದು ಅಡ್ಡಿಯಾಗಲಿಲ್ಲ, ನೋಡಿ. 1628ರಲ್ಲಿ ಒಂದು ಭಾಗವನ್ನು ಮಗನಿಗೆ ತಲುಪಿಸಿದರು. ಆತ ಅದನ್ನು ಬಯಲಿನಲ್ಲಿ ಒಂಟಿಯಾಗಿ ನಿಂತ, 11ನೇ ಶತಮಾನದ ಅಲವೆರ್ದಿ ದೇವಾಲಯದಲ್ಲಿ ಇರಿಸಿದ.

ಇನ್ನೊಂದು ಭಾಗ ಗೋವೆ ಸೇರಿತ್ತು. ಉತ್ಖನನದಲ್ಲಿ ಸಿಕ್ಕ ತೋಳಿನ ಮೂಳೆ ರಾಣಿಯದೇ ಇರಬೇಕೆಂದು 2013ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ತಿಳಿಸಿತು. 2021ರ ಜುಲೈನಲ್ಲಿ ಭಾರತ ಸರ್ಕಾರ ಅದರ ಒಂದು ಭಾಗವನ್ನು ಟಿಬಿಲಿಸಿಯಲ್ಲಿ ಜಾರ್ಜಿಯಾದವರ ಕೈಗೆ ಒಪ್ಪಿಸಿತು.