ತಿರುಗುವ ತಟ್ಟೆಯ ಗಣಿತ

ಗಣಿತವೆಂದರೆ ಬೇಗಬೇಗನೆ ಲೆಕ್ಕ ಮಾಡುವ ಚಮತ್ಕಾರವೆಂದು ತಿಳಿದವರು ಅನೇಕರು. ತೊಡಕಿನೊಳಗೆ ಅಡಗಿರುವ ಸರಳತೆಯನ್ನು ಕಾಣುವುದೇ ಅದರ ಹಿರಿಮೆ ಎಂಬುದಕ್ಕೆ ಥಿಯೊಡೋರ್ ವಾನ್ ಕಾರ್ಮನ್ ಅವರ ಬಾಳು ಒಳ್ಳೆಯ ನಿದರ್ಶನ.

ಕಾರ್ಮನ್ 1881ರ ಮೇ 11ರಂದು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ, ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಮೋರ್ ಕಾರ್ಮನ್ ಹೆಸರಾಂತ ಶಿಕ್ಷಣತಜ್ಞರು. ಬಾಲಕ ಥಿಯೊಡೋರ್ ಚಿಕ್ಕಂದಿನಲ್ಲಿಯೇ ದೊಡ್ಡ ದೊಡ್ಡ ಸಂಖ್ಯೆಗಳನ್ನು ಬಾಯಿಲೆಕ್ಕದಿಂದ ಗುಣಿಸಿ ಕೇಳಿದವರನ್ನು ಬೆರಗುಗೊಳಿಸುತ್ತಿದ್ದನು. ಬೇರೊಬ್ಬ ತಂದೆಯಾಗಿದ್ದರೆ ಹಿಗ್ಗಿ ಮಗನನ್ನು ಮೆರೆಸುತ್ತಿದ್ದನೇನೋ! ಮೋರ್ ಅವರು ಹಾಗೆ ಮಾಡಲಿಲ್ಲ. ಆ ಆಟವನ್ನು ನಿಲ್ಲಿಸಿ, ಭೂಗೋಳ, ಇತಿಹಾಸ, ಸಾಹಿತ್ಯಗಳತ್ತ ಅವನ ಮನಸ್ಸನ್ನು ಹೊರಳಿಸಿದರು.

ಬುಡಾಪೆಸ್ಟಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಕಾರ್ಮನ್, 1906ರಲ್ಲಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಅವರ ಗುರು ಲುಡ್ವಿಗ್ ಪ್ರಾಂಟಲ್. ನೀರು, ಗಾಳಿಗಳು ಹರಿಯುವಾಗ ಘರ್ಷಣೆಯ ಪ್ರಭಾವವು ಮುಖ್ಯವಾಗಿ ಮೇಲ್ಮೈಗೆ ಹತ್ತಿದ ತೆಳುಪದರದಲ್ಲಿಯೇ ಕಾಣುತ್ತದೆಂದು 1904ರಲ್ಲಿ ತೋರಿಸಿದ್ದವರು ಅವರು. ಮುಂದೆ ಆಕೆನ್ ನಗರದಲ್ಲಿ ಪ್ರಾಧ್ಯಾಪಕರಾದ ಕಾರ್ಮನ್, 1921ರಲ್ಲಿ ತಿರುಗುವ ತಟ್ಟೆಯ ಸಮಸ್ಯೆಯನ್ನು ಕೈಗೆತ್ತಿಕೊಂಡರು.

ಕುಂಬಾರನ ತಿಗರಿಯ ಮೇಲೆ ಚೆಲ್ಲಿದ ನೀರು ಅಂಚಿನತ್ತ ಸಿಡಿಯುವುದನ್ನು ನೀವು ಕಂಡಿರಬಹುದು. ದ್ರವದೊಳಗೆ ತಟ್ಟೆ ತಿರುಗಿದಾಗಲೂ ಹೀಗೆಯೇ. ತಟ್ಟೆಗೆ ಅಂಟಿದ ದ್ರವ ಅದರೊಡನೆ ಸುತ್ತುತ್ತದೆ. ಸುತ್ತುತ್ತಾ ಹೊರಕ್ಕೆ ಸರಿಯುತ್ತದೆ. ತೆರವಾದ ಸ್ಥಳಕ್ಕೆ ಮೇಲಿನ ದ್ರವ ಇಳಿದು ಬರುತ್ತದೆ. ಮೂರು ದಿಕ್ಕುಗಳ ಈ ಚಲನೆಯ ಸಮೀಕರಣಗಳನ್ನು ಬಿಡಿಸುವುದು ಬಲು ಕಠಿಣ. ತಟ್ಟೆಯು ಅತಿ ವಿಶಾಲವಾಗಿದೆಯೆಂದು ಭಾವಿಸಿದರೆ, ಸುತ್ತುವ ಪದರದ ದಪ್ಪ ಎಲ್ಲೆಡೆಯೂ ಒಂದೇ ಎಂಬುದನ್ನು ಕಾರ್ಮನ್ ಮನಗಂಡರು. ಸುತ್ತುವ ಮತ್ತು ಹೊರಸರಿಯುವ ವೇಗಗಳು ಕೇಂದ್ರದಿಂದಿರುವ ದೂರಕ್ಕೆ ಅನುಪಾತದಲ್ಲಿರುತ್ತವೆ. ಇಳಿಯುವ ವೇಗ ತಟ್ಟೆಯಿಂದಿರುವ ಎತ್ತರವನ್ನು ಮಾತ್ರ ಅವಲಂಬಿಸುತ್ತದೆ. ಹೀಗೆ ಕಂಡೊಡನೆ ಆ ಕಠಿಣ ಸಮೀಕರಣಗಳು ಎತ್ತರವೆಂಬ ಒಂದೇ ಚರಾಕ್ಷರದ ಸಮೀಕರಣಗಳಾದವು!

ಜರ್ಮನಿಯಲ್ಲಿ ಯೆಹೂದಿಗಳ ಮೇಲಿನ ದ್ವೇಷ ಬೆಳೆಯುತ್ತಿತ್ತು. 1930ರಲ್ಲಿ ಕಾರ್ಮನ್ ಅಮೆರಿಕಕ್ಕೆ ತೆರಳಿ, ಪ್ಯಾಸಡೀನದ ವಿಮಾನವಿಜ್ಞಾನ ಪ್ರಯೋಗಾಲಯದ ನಿರ್ದೇಶಕರಾದರು. ರಾಕೆಟ್ ಸಂಶೋಧನೆಗೂ ಅಲ್ಲಿ ಬುನಾದಿ ಹಾಕಿದರು. 1963ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಮೊತ್ತಮೊದಲು ಸಂದದ್ದು ಅವರಿಗೆ. ಅದೇ ವರ್ಷ ಮೇ ತಿಂಗಳಲ್ಲಿ, ತಾವು ಹಿಂದೆ ತೊರೆದಿದ್ದ ಆಕೆನ್ ನಗರದಲ್ಲಿಯೇ ಅವರು ಕೊನೆಯುಸಿರೆಳೆದರು.

ಅವರ ತಟ್ಟೆ ಇಂದಿಗೂ ನಿಂತಿಲ್ಲ. ಕಂಪ್ಯೂಟರಿನ ಚಿಪ್ಪುಗಳನ್ನು ತಯಾರಿಸುವಾಗ ತಿರುಗುವ ಸಿಲಿಕಾನ್ ಬಿಲ್ಲೆಯ ಮೇಲೆ ದ್ರವವನ್ನು ತೊಟ್ಟಿಕ್ಕಿಸಿ ತೆಳುಪೊರೆಯಾಗಿ ಹರಡುತ್ತಾರೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರು. ಸುಮಾರು ನೂರು ನ್ಯಾನೊಮೀಟರಿಗಿಂತ ಕಿರಿದಾದ ತಾಮ್ರ ಮೊದಲಾದವುಗಳ ಕಣಗಳನ್ನು ಬೆರೆಸಿದ ದ್ರವಕ್ಕೆ ನ್ಯಾನೊದ್ರವವೆಂದು ಹೆಸರು. ಇಂಥ ಕಣಗಳಿಂದ ದ್ರವವು ಶಾಖವನ್ನು ಹೆಚ್ಚಾಗಿ ಸಾಗಿಸಬಲ್ಲದು; ಆದರೆ ಅದು ಮಂದವಾಗಿ ಹರಿಯುವುದೂ ಉಂಟು. ತಿರುಗುವ ಮೇಲ್ಮೈಯ ಮೇಲೆ ಅದರ ತೆಳುಪೊರೆ ಹೇಗೆ ಹರಿಯುವುದೆಂದು ಲೆಕ್ಕ ಹಾಕುವ ಗಣಿತಜ್ಞರು ಕಾರ್ಮನ್ನರ ಮಾರ್ಗವನ್ನೇ ಹಿಡಿಯುತ್ತಾರೆ. ಅವರ ಉತ್ತರ ನಿಜವೇ ಎಂಬುದನ್ನು ಪ್ರಯೋಗವೇ ಹೇಳಬೇಕು.

ದೊಡ್ಡ ಸಂಖ್ಯೆಗಳನ್ನು ಗುಣಿಸುವ ಕೆಲಸವನ್ನು ಇಂದು ಯಂತ್ರಗಳು ಕ್ಷಣಾರ್ಧದಲ್ಲಿ ಮಾಡುತ್ತವೆ. ಸಮಸ್ಯೆಯ ತಿರುಳನ್ನು ಕಾಣುವ ಕಣ್ಣು ಮಾತ್ರ ಅಭ್ಯಾಸದಿಂದ ಬರಬೇಕು. ದೂರದೃಷ್ಟಿಯ ತಂದೆ ಮಗನಲ್ಲಿ ಬೆಳೆಸಬಯಸಿದ್ದು ಅಂಥ ಕಣ್ಣನ್ನೇ.